ಇಬ್ಬರು ಭಾಗಮ್ಮಂದಿರು

ಸೂಜಿ ಇನ್ನೇನು ಚುಚ್ಚಬೇಕು, ಅಷ್ಟರಲ್ಲಿ ರೇಣುಕಾ ನನ್ನ ಕೈ ಹಿಡಿದಳು. “ತಡೀರಿ ಅಕ್ಕಾರ, ಇವರು ಘತ್ತರಗಿ ಊರಿನ ಭಾಗಮ್ಮ ಅಲ್ರಿ, ಸೊನ್ನದವ್ರು. ಈ ಇಂಜೆಕ್ಷನ್ ಇವರಿಗಿ ಆಗಿಬರಂಗಿಲ್ಲ.”

ಅಫಜಲಪುರದ ನಮ್ಮ ಕ್ಲಿನಿಕ್ಕಿಗೆ ರೋಗಿಗಳ ಚೀಟಿ ಬರೆಯಲು ಅವಳು ಸೇರಿ ತಿಂಗಳೂ ಆಗಿರಲಿಲ್ಲ. ಊರು, ಮನೆತನ, ಹಳೇ ಕಾಯಿಲೆ ಎಲ್ಲ ಕೇಳುತ್ತ ಒಂದೊಂದು ಚೀಟಿಗೂ ಹತ್ತು ನಿಮಿಷ ಮಾಡುತ್ತಿದ್ದಳು. ಹಿರಿಯ ನರ್ಸ್ ಆದ ನಾನು ಅಂದು ಬೆಳಿಗ್ಗೆಯಷ್ಟೇ, “ಈ ಕೆಲಸ ನಿನ್ನ ಕೈಲಿ ಆಗಂಗಿಲ್ಲ ಬಿಡವ್ವ” ಅಂದಿದ್ದೆ.

ನಾನು ಕೂಗಿದ ಭಾಗಮ್ಮನ ಬದಲು ಇನ್ನೊಬ್ಬ ಭಾಗಮ್ಮ ಎದ್ದು ಬಂದಿದ್ದರು. ಇದೇ ಔಷಧಿಯಿಂದ ಅವರಿಗೆ ಒಮ್ಮೆ ಉಸಿರು ಕಟ್ಟಿತ್ತೆಂದು ರೇಣುಕಾ ಅವರ ಚೀಟಿಯಲ್ಲಿ ಬರೆದಿಟ್ಟಿದ್ದಳು.

ಡಾಕ್ಟರ ಮುಂದೆ ನನ್ನ ತಪ್ಪು ಒಪ್ಪಿಕೊಂಡು ಅವಳ ಕೆಲಸ ಕಾಯಂ ಮಾಡಿಸಿದೆ. ಈಗ ಹೊಸಬರಿಗೆಲ್ಲ ಚೀಟಿ ಬರೆಯಲು ಅವಳೇ ಕಲಿಸುತ್ತಾಳೆ. ಅವಳಿಂದ ಮೊದಲು ಕಲಿತವಳು ನಾನು.