ಗುರಿ ಅಲೆಯುವ ಬಂದೂಕು, ಕಾಯುವ ಹಮ್ದಾನರು

ಪೆರಾಕ್ ನದಿಯ ಮೇಲುದಂಡೆಯ ಪೊಲೀಸ್ ಠಾಣೆಗಳಲ್ಲಿ ಬಂದೂಕು ರಿಪೇರಿಯ ಮಾತು ಬಂದರೆ ಸಾರ್ಜೆಂಟ್ ಹಮ್ದಾನ್ ಬಿನ್ ಸಮಾದ್ ಅವರ ಹೆಸರು ಬಿಟ್ಟು ಮುಂದೆ ಹೋಗುವಂತಿಲ್ಲ. ಮಲಯದ ಕಾಡುಗಳಲ್ಲಿ ಕಮ್ಯುನಿಸ್ಟ್ ಬಂಡುಕೋರರೊಡನೆ ಕಾದಾಟ ಜೋರಾಗಿದ್ದ ವರ್ಷಗಳಿಂದ ಇಂದಿನವರೆಗೆ ಆಯುಧಶಾಲೆಯ ಬೀಗದ ಕೈಯನ್ನು ಸೊಂಟದಲ್ಲಿಟ್ಟುಕೊಂಡೇ ಬದುಕಿದ ಈ ಹಿರಿಯರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರ ಚಿಂತೆ ಮಾತ್ರ ನಿವೃತ್ತಿಯಾಗುವ ಲಕ್ಷಣ ಕಾಣುತ್ತಿಲ್ಲ.

ಸೇವೆಗೆ ಸೇರಿದ ಹೊಸತರಲ್ಲೇ ಅವರ ಕೈಗೆ ಬಿದ್ದದ್ದು ಲೀ-ಎನ್‌ಫೀಲ್ಡ್ ರೈಫಲ್ಲಿನ ಮೋಟು ತಮ್ಮ. ಬ್ರಿಟಿಷರು ಕಾಡಿನ ಯುದ್ಧಕ್ಕೆಂದು ಉದ್ದದ ರೈಫಲ್ಲಿನ ನಳಿಗೆ ಮೊಟಕುಮಾಡಿ, ಅಲ್ಲಲ್ಲಿ ಉಕ್ಕು ಕೆತ್ತಿ ತೆಗೆದು, ಬೆಂಕಿಯ ಹೊಳಪು ಮರೆಸಲು ಬಾಯಿಗೊಂದು ಆಲಿಕೆ ಸಿಕ್ಕಿಸಿ, ಹಿಂಬದಿಗೆ ರಬ್ಬರ್ ಮೆತ್ತೆ ಜೋಡಿಸಿ ಕಳಿಸಿದ್ದರು. ಹೊರಲು ಹಗುರ, ಪೊದೆಯಲ್ಲಿ ನುಗ್ಗಲು ಸಲೀಸು. ಆದರೆ ಆ ಮೆತ್ತೆ ಸೆಕೆಗೆ ಕಲ್ಲಾಗಿ, ಹಾರಿಸಿದವನ ಭುಜ ಕಪ್ಪಗಾಗುತ್ತಿತ್ತು. ಅದಕ್ಕಿಂತ ದೊಡ್ಡ ಕಾಟ ಗುರಿಯದು: ಇವತ್ತು ಸರಿಹೊಂದಿಸಿದ್ದು ನಾಳೆ ಎಡಕ್ಕೋ ಬಲಕ್ಕೋ ಜಾರಿರುತ್ತಿತ್ತು. ಎಲ್ಲವೂ ಹಾಗಲ್ಲ, ಯಾವುದು ಹಾಗೆಂದು ತಿಳಿಯದೆ ಹಮ್ದಾನರ ನಿದ್ದೆ ಕೆಡುತ್ತಿತ್ತು.

ಅಂಥದೊಂದು ಅವರ ಹೆಂಡತಿ ಸಲ್ಬಿಯಾರ ತಮ್ಮ, ಕಾನ್‌ಸ್ಟೇಬಲ್ ಲಾಜಿಮ್‌ನ ಪಾಲಿಗೆ ಬಂತು. ಬೆಚ್ಚಿದ ಮಗುವಿನ ಸೆಮಂಗಾತ್, ಅಂದರೆ ಜೀವಚೈತನ್ಯ, ಮೈಬಿಟ್ಟು ಅಲೆಯುತ್ತದೆಂದು ನಂಬಿದ ಮನೆತನ ಅವನದು. ಬಂದೂಕಿನದೂ ಅಲೆಯುತ್ತಿದೆಯೆಂದು ತೀರ್ಮಾನಿಸಿದವನೇ, ಪಹರೆಗೆಂದು ಅದನ್ನು ಪಡೆದ ಸಂಜೆ, ಹಿರಿಯರ ಕ್ರಿಸ್ ಕಠಾರಿಗೆ ಮಾಡುವಂತೆ ನಿಂಬೆರಸದಲ್ಲಿ ಮೀಯಿಸಿ ಸಾಂಬ್ರಾಣಿ ಹೊಗೆ ಕೊಟ್ಟ. ಬೆಳಿಗ್ಗೆ ಅದನ್ನೇ ಹೊತ್ತು ಗಸ್ತಿಗೆ ಹೊರಟ. ಕಠಾರಿಯೇನೋ ಹೊಳೆದೀತು, ಎಣ್ಣೆ ತೊಳೆದುಹೋಗಿ ತುಕ್ಕು ಹಿಡಿದ ಬೋಲ್ಟು ಹೊತ್ತಿಗೆ ಸರಿಯಾಗಿ ಕೈಕೊಡುತ್ತದೆ. ಬ್ಯಾರಕ್ಕಿನ ಹಿಂದೆ ಹಿಂಡಿದ ನಿಂಬೆಹೋಳು, ಪಕ್ಕದಲ್ಲಿ ಬಂದೂಕೊರೆಸುವ ಬಟ್ಟೆ ಕಂಡಾಗ ಹಮ್ದಾನರಿಗೆ ಎಲ್ಲ ಅರ್ಥವಾಯಿತು. ಇನ್ನೊಂದು ಬಂದೂಕು ಹೆಗಲಿಗೇರಿಸಿ ಸೈಕಲ್ ತುಳಿದು, ದೋಣಿ ಬಿಡುವ ಮೊದಲೇ ನದಿಯ ಕಟ್ಟೆ ಮುಟ್ಟಿದರು.

"ಅದನ್ನ ಕೊಡು, ಇದನ್ನ ತಗೋ."

"ಬೇಡ ಭಾವ. ಇದರ ಸೆಮಂಗಾತ್ ವಾಪಸ್ ಬಂದಿದೆ. ನೀವು ತಂದದ್ದರದು ಎಲ್ಲಿ ಅಲೀತಿದೆಯೋ ಯಾರಿಗ್ಗೊತ್ತು?"

"ನಿಮ್ಮಕ್ಕನಿಗೆ ಏನಂತ ಹೇಳಲೋ? ಉಪ್ಪಿನಕಾಯಿ ಹಾಕಿದ ಬಂದೂಕು ಕೊಟ್ಟು ಕಳಿಸಿದೆ ಅಂತಲಾ?"

ದೋಣಿಯಲ್ಲಿದ್ದವರು ನಕ್ಕರು. ಲಾಜಿಮ್ ತನ್ನ ಬಂದೂಕನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಆಜ್ಞೆ ಮಾಡಿ ಕಿತ್ತುಕೊಳ್ಳಬಹುದಿತ್ತು. ಆದರೆ ನಂಬಿಕೆಯಿಲ್ಲದ ಆಯುಧ ಹಿಡಿಸಿ ಕಾಡಿಗೆ ಕಳಿಸಲು ಹಮ್ದಾನರಿಗೆ ಭಯವಾಯಿತು. ತಾವು ತಂದ ಬಂದೂಕಿನ ಮೇಲೆ ಅಂಗೈಯಿಟ್ಟು, ತಾಯಂದಿರು ಬೆಚ್ಚಿದ ಮಗುವಿನದನ್ನು ಕರೆಯುವ ಹಾಗೆಯೇ ಎಲ್ಲರೆದುರು ಕರೆದರು: "ಕುರ್... ಬಾ ಸೆಮಂಗಾತ್, ಮನೆಗೆ ಬಾ." ಆಗ ಯಾರೂ ನಗಲಿಲ್ಲ. ಲಾಜಿಮ್ ಬಂದೂಕು ಬದಲಾಯಿಸಿಕೊಂಡ.

ದೋಣಿ ಹೋದ ಮೇಲೂ ಹಮ್ದಾನರು ಕಟ್ಟೆ ಬಿಟ್ಟು ಕದಲಲಿಲ್ಲ. ಕೊಟ್ಟು ಕಳಿಸಿದ ಬಂದೂಕಿನ ಗುರಿಯನ್ನು ಹಿಂದಿನ ದಿನ ಹೊಂದಿಸಿದವರು ಅವರೇ. ಅದು ನಿಂತಲ್ಲೇ ನಿಂತಿದೆಯೇ? ಮಧ್ಯಾಹ್ನ ಆಚೆದಡದಿಂದ ಗುಂಡಿನ ಸದ್ದು ಕೇಳಿತು, ಒಂದೇ ಒಂದು. ಸಲ್ಬಿಯಾ ತಂದ ಅನ್ನ ಹಾಗೆಯೇ ಆರಿಹೋಯಿತು. ನೇರ ಹೋಗಿರಲಿ, ದೇವರೇ, ನೇರ ಹೋಗಿರಲಿ ಎಂದು ಅವರು ಬೇಡುತ್ತಲೇ ಇದ್ದರು.

ಸಂಜೆ ದೋಣಿಯಿಂದ ಲಾಜಿಮ್ ಭುಜ ಉಜ್ಜಿಕೊಳ್ಳುತ್ತ ಇಳಿದ. "ಎಮ್ಮೆ ಒದ್ದಂಗೆ ಒದೀತು ಭಾವ. ಪೊದೆ ಅಲ್ಲಾಡ್ತು, ಯಾರಂತ ನೋಡದೆ ಹೊಡೆದುಬಿಟ್ಟೆ. ಎಡಕ್ಕೆ ಹೋಯ್ತು."

ಅವನ ಹಿಂದೆ ಇಳಿದವರು ಕಾಡಿನಲ್ಲಿ ಬೆತ್ತ ಕೊಯ್ಯುವ ಇತಾಮ್ ಅಜ್ಜ. "ಟೀ ಇದೆಯೇನಪ್ಪಾ? ಕಿವಿ ಇನ್ನೂ ಗುಂಯ್ ಅಂತಿದೆ," ಎಂದರು.

ಪೊದೆಯಲ್ಲಿದ್ದವರು ಇವರೇ ಎಂದೂ, ತಾವು ದಿನವಿಡೀ ಬೇಡಿದ್ದು ಏನನ್ನೆಂದೂ ಹೊಳೆದಾಗ ಹಮ್ದಾನರು ತಾವೇ ಟೀ ತಂದು ಅಜ್ಜನ ಕೈಗಿತ್ತರು. ಅಂದಿನಿಂದ ಅವರ ಕೈಯಿಂದ ಬಂದೂಕು ಪಡೆದ ಪ್ರತಿಯೊಬ್ಬನೂ ಮೊದಲು ಕೇಳಿಸಿಕೊಂಡದ್ದು ಒಂದೇ ಮಾತು: "ಮೊದಲು ಮುಖ ನೋಡು." ಅದಕ್ಕೇ ಅವರ ಕೈಕೆಳಗೆ ದುಡಿದ ನಾವು ಹಲವರು, ತಪ್ಪು ಜೀವ ತೆಗೆದ ಪಾಪವಿಲ್ಲದೆ, ಇಂದು ನೆಮ್ಮದಿಯಾಗಿ ಉಣ್ಣುತ್ತಿದ್ದೇವೆ.

ಇತಾಮ್ ಅಜ್ಜ ತಮ್ಮ ಕೈಯಾರೆ ಹೆಣೆದುಕೊಟ್ಟ ಬೆತ್ತದ ಕುರ್ಚಿ ಈಗಲೂ ಗಟ್ಟಿಯಾಗಿದೆ. ಸಂಜೆ ಗಸ್ತಿನ ದೋಣಿ ಬರುವ ಹೊತ್ತಿಗೆ ಹಮ್ದಾನರು ಅದನ್ನು ಕಟ್ಟೆಗೆ ಹೊತ್ತುಕೊಂಡು ಹೋಗುತ್ತಾರೆ. ನಿವೃತ್ತಿಯಾದ ಮೇಲೂ ಹೋಗುವವರೇ. ಅವರಿಗೆ ದೀರ್ಘಾಯುಸ್ಸು ಇರಲಿ, ಹೊಸಬರಿಗೆ ಅವರ ಗದರಿಕೆ ತಪ್ಪದಿರಲಿ. ಮತ್ತು ಅವರು ಕಾಯುವ ಪ್ರತಿ ಸಂಜೆಯೂ ದೋಣಿಯಲ್ಲಿ ಹೋದವರೆಲ್ಲ, ಕಾಡಿನಲ್ಲಿ ಎದುರಾದವರೆಲ್ಲ, ಮನೆ ಸೇರಲಿ.