ಪುಸ್ತಕ ನೋಡಬಹುದು, ಇನ್ನೊಬ್ಬರನ್ನು ಕೇಳಬಾರದು

ಮೊನ್ನೆ ರಿಜಿಸ್ಟರ್ ಪತ್ರವೊಂದನ್ನು ಕಳಿಸಲು ಅಂಚೆ ಕಚೇರಿಗೆ ಹೋಗಿದ್ದೆ. ಕಿಟಕಿಯಾಚೆಯವರು ಲಕೋಟೆಯ ಮೇಲೆ ಠಸ್ಸೆ ಒತ್ತಿದರು. ಆ ಕಪ್ಪು ಶಾಯಿಯ ಎಣ್ಣೆವಾಸನೆ ಮೂಗಿಗೆ ತಾಗಿದ್ದೇ ತಡ, ನಿಂತಲ್ಲಿ ನಿಲ್ಲಲಾಗಲಿಲ್ಲ. ರಸೀದಿ ಬಿಟ್ಟು ಹೊರಟವನನ್ನು ಅವರೇ ಕರೆದು ಕೊಟ್ಟರು. ನಿಮಗಾದರೆ ಆ ವಾಸನೆಯಿಂದ ಯಾರದೋ ಪ್ರೇಮಪತ್ರ ನೆನಪಾಗಬಹುದು. ನನಗೆ ನೆನಪಾಗುವುದು ನಾನು ಗೆದ್ದ ಒಂದು ಚೆಸ್ ಆಟ. ಗೆದ್ದ ಆಟ ನೆನೆದು ಕಸಿವಿಸಿಪಡುವವರು ಬಹಳ ಮಂದಿ ಇರಲಾರರು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಶಿಕಾರಿಪುರದ ಒಂದು ಟೈಪಿಂಗ್ ಶಾಲೆಯಲ್ಲಿ ನಾನು ಮೇಷ್ಟ್ರು. ತಾಲ್ಲೂಕಿನಲ್ಲೇ ದೊಡ್ಡ ಚೆಸ್ ಆಟಗಾರ ಎಂಬ ಭ್ರಮೆ ನನಗಿತ್ತು. ನನಗೆ ಗೊತ್ತಿದ್ದಂತೆ ಊರಲ್ಲಿ ಚೆಸ್ ಆಡುತ್ತಿದ್ದವರು ನಾಲ್ಕೇ ಜನ, ಅವರಲ್ಲಿ ಇಬ್ಬರಿಗೆ ಕಲಿಸಿದವನು ನಾನೇ. ಹಾಗಾಗಿ ಅಂಚೆಯ ಮೂಲಕ ನಡೆಯುವ ಪಂದ್ಯವೊಂದಕ್ಕೆ ಹೆಸರು ಕೊಟ್ಟೆ. ಒಂದು ಕಾರ್ಡಿಗೆ ಒಂದು ನಡೆ, ಹಲಗೆಯ ಸಾಲುಗಳಿಗೆ ಎ, ಬಿ, ಸಿ, ಡಿ ಎಂದು ಅಕ್ಷರ ಕೊಟ್ಟು ಬರೆಯಬೇಕು. ಕಾರ್ಡು ತಲುಪಿದ ಹತ್ತು ದಿನದೊಳಗೆ ಉತ್ತರ ಹೊರಡಬೇಕು, ಅದಕ್ಕೆ ಅಂಚೆ ಠಸ್ಸೆಯೇ ಸಾಕ್ಷಿ. ಪಂದ್ಯ ನಡೆಸುವವರು ಕಳಿಸಿದ ನಿಯಮದ ಹಾಳೆಯಲ್ಲಿ ಇನ್ನೂ ಎರಡು ಮಾತಿದ್ದವು. ಬರೆದು ಕಳಿಸಿದ ನಡೆಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ಪುಸ್ತಕ ನೋಡಬಹುದು, ಇನ್ನೊಬ್ಬರನ್ನು ಕೇಳಬಾರದು.

ನನ್ನ ಎದುರಾಳಿ ಗಿರಿಜಮ್ಮ. ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಕಡೆಯ ಒಂದು ಹಳ್ಳಿಯಲ್ಲಿ ಬ್ರಾಂಚ್ ಪೋಸ್ಟ್ ಮಾಸ್ತರು. ಮನೆಯ ಮುಂದಿನ ಕೋಣೆಯೇ ಕಚೇರಿ. ಅಂದರೆ ನನ್ನ ಕಾರ್ಡು ಬಂದ ತಾರೀಖನ್ನೂ ತಮ್ಮ ಕಾರ್ಡು ಹೊರಟ ತಾರೀಖನ್ನೂ ಒತ್ತುವವರು ಅವರೇ. ಇದು ತಿಳಿದಾಗ ನನಗೆ ಮೊದಲು ಬಂದದ್ದು ಅನುಮಾನ. ಬೇಕೆಂದಾಗ ತಾರೀಖು ಹಿಂದಕ್ಕೆ ತಿರುಗಿಸಿಕೊಂಡರೆ ಕೇಳುವವರು ಯಾರು?

ನಡೆಯ ಕೆಳಗೆ ಅವರು ಒಂದೆರಡು ಸಾಲು ಬರೆಯುತ್ತಿದ್ದರು. ‘ಕ್ಯಾಸನೂರು ಕಡೆ ಮಂಗ ಸತ್ತು ಬಿದ್ದಿವೆಯಂತೆ. ಮಂಗನ ಕಾಯಿಲೆ ತರುವ ಉಣುಗು ಹತ್ತದಿರಲೆಂದು ನಮ್ಮ ಪೋಸ್ಟ್‌ಮನ್ನಿನ ಕಾಲಿಗೆ ಎಣ್ಣೆ ಹಚ್ಚಿಸಿ ಕಳಿಸಿದೆ. ನಿಮ್ಮ ಕುದುರೆಗೂ ಸ್ವಲ್ಪ ಹಚ್ಚಿ, ಬಹಳ ಮುಂದೆ ಬಂದಿದೆ.’ ಓದಿ ನಗುತ್ತಿದ್ದೆ. ಮುಂದಿನ ವಾರ ಆ ಕುದುರೆ ಹೋಗಿರುತ್ತಿತ್ತು.

ಹದಿನೇಳನೇ ನಡೆಯ ಹೊತ್ತಿಗೆ ನಾನು ಸೋಲುವ ಹಾದಿಯಲ್ಲಿದ್ದೆ. ಆಗಲೇ ನಮ್ಮ ಶಾಲೆಗೆ ಕಂಪ್ಯೂಟರ್ ಬಂತು, ದಾವಣಗೆರೆಯ ಗೆಳೆಯನೊಬ್ಬ ಒಂದು ಸಿ.ಡಿ. ತಂದುಕೊಟ್ಟ. ಅದರಲ್ಲಿ ಜಗತ್ತಿನ ಲಕ್ಷಾಂತರ ಚೆಸ್ ಆಟಗಳು. ನಿಮ್ಮ ಹಲಗೆಯ ಕಾಯಿಗಳನ್ನು ಪರದೆಯ ಮೇಲೆ ಹಾಗೇ ಜೋಡಿಸಿ ಒಂದು ಗುಂಡಿ ಒತ್ತಿದರೆ, ಅದೇ ಸ್ಥಿತಿ ಹಿಂದೆ ಯಾರಿಗೆ ಬಂದಿತ್ತು, ಅವರೇನು ಮಾಡಿದರು ಎಂದು ತೋರಿಸುತ್ತಿತ್ತು. ಕುತೂಹಲಕ್ಕೆ ಒತ್ತಿದೆ. ನಾನು ಹೆಸರು ಕೇಳಿರದ ದೇಶದ ಇಬ್ಬರು ಇದೇ ಇಕ್ಕಟ್ಟಿಗೆ ಬಂದಿದ್ದರು. ಅವರಲ್ಲಿ ಒಬ್ಬ ಆನೆಯನ್ನೇ ಬಲಿಕೊಟ್ಟು ಗೆದ್ದಿದ್ದ.

ಎದ್ದು ಕೋಣೆಯ ಉದ್ದಕ್ಕೂ ನಾಲ್ಕು ಸಲ ಓಡಾಡಿದೆ. ಶಾಲೆಯ ಮಾಲೀಕರಾದ ವೀರಭದ್ರಪ್ಪನವರು ಕನ್ನಡಕದ ಮೇಲಿಂದ ನೋಡಿದರು.

“ಏನ್ರೀ ಮೇಷ್ಟ್ರೇ, ಹೊಟ್ಟೆನೋವಾ?”

ವಿಷಯ ಹೇಳಿದೆ. ಇದು ಪುಸ್ತಕವೋ, ಇನ್ನೊಬ್ಬರೋ?

“ಪುಸ್ತಕನೇ ಅಲ್ಲೇನ್ರೀ? ಸ್ವಲ್ಪ ದಪ್ಪ ಐತಿ, ಅಷ್ಟೇ.”

ನನಗೆ ಬೇಕಾದ ತೀರ್ಪು ಸಿಕ್ಕಿತು. ಆನೆ ಬಲಿಕೊಟ್ಟು ಕಾರ್ಡು ಹಾಕಿದೆ.

ಒಂದು ವಾರಕ್ಕೆ ಒಂದು ಕಾರ್ಡು ಬಂತು. ಅದರಲ್ಲಿ ನಡೆಯೇ ಇರಲಿಲ್ಲ. ‘ಉತ್ತರ ಇನ್ನೂ ಹೊಳೆದಿಲ್ಲ. ತಡೆಯಲಾರದೆ ಬರೆಯುತ್ತಿದ್ದೇನೆ. ಇಷ್ಟು ವರ್ಷ ಆಡಿದರೂ ಇಂಥ ನಡೆ ಕಂಡಿರಲಿಲ್ಲ. ನಿಮಗೆ ಹೇಗೆ ಹೊಳೆಯಿತು?’ ನಾನು ಉತ್ತರಿಸಿದೆ: ‘ಮೂರು ದಿನ ಹಲಗೆಯ ಮುಂದೆ ಕೂತೆ.’ ಬರೆಯುವಾಗ ಏನೂ ಅನಿಸಲಿಲ್ಲ ನೋಡಿ. ಕಾರ್ಡು ಡಬ್ಬಿಗೆ ಬಿದ್ದ ಮೇಲೆ ಕಸಿವಿಸಿ ಶುರುವಾಯಿತು. ಡಬ್ಬಿಯ ಬಾಯಿಗೆ ಬೆರಳು ತೂರಿಸಿ ನೋಡಿದೆ. ತರಗತಿಯಲ್ಲಿ ಹುಡುಗಿಯರು ಟೈಪ್ ಮಾಡುವ ಟಕಟಕ ಸದ್ದು ಸಹಿಸಲಾಗದೆ ಹೊರಗೆ ಬರುತ್ತಿದ್ದೆ, ಹೊರಗೆ ಮಾಡಲು ಏನೂ ಇಲ್ಲದೆ ಒಳಗೆ ಹೋಗುತ್ತಿದ್ದೆ.

ಅವರ ಮುಂದಿನ ಕಾರ್ಡಿನಲ್ಲಿ ನಡೆಯಿತ್ತು. ಕೆಳಗೆ ಹೀಗಿತ್ತು: ‘ಯೋಚಿಸುತ್ತ ದಿನ ಲೆಕ್ಕ ತಪ್ಪಿತು. ಇಂದಿಗೆ ಹನ್ನೊಂದು. ನಿಯಮದಂತೆ ಆಟ ನಿಮ್ಮದು.’ ಠಸ್ಸೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಸ್ಪಷ್ಟವಾಗಿ, ಒಂದು ಅಂಕಿಯೂ ಅಳಿಸದಂತೆ ಒತ್ತಿದ್ದರು. ಹನ್ನೊಂದನೆಯ ದಿನವೇ.

ಮರುದಿನ ರಜೆ ಹಾಕಿ ಬಸ್ಸು ಹತ್ತಿದೆ. ಶಿರಾಳಕೊಪ್ಪದಲ್ಲಿ ಒಂದು ಬಸ್ಸು ಬದಲಿಸಿದೆ, ಸೊರಬದಲ್ಲಿ ಇನ್ನೊಂದು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿದೆ, ಕೆಡಿಸಿದೆ. ಗಿರಿಜಮ್ಮನವರಿಗೆ ನಲವತ್ತೈದರ ಆಸುಪಾಸು. ಮೇಜಿನ ಮೇಲೆ ತಕ್ಕಡಿ, ಅರಗು, ಪಕ್ಕದಲ್ಲಿ ನಮ್ಮ ಆಟ ನಿಂತಿದ್ದ ಚೆಸ್ ಹಲಗೆ.

“ಅಯ್ಯೋ, ಟೈಪಿಂಗ್ ಮೇಷ್ಟ್ರಾ! ಬನ್ನಿ, ಕೂತ್ಕಳಿ. ಗೆದ್ದೋರು ಸಿಹಿ ತಂದಿದೀರೋ ಇಲ್ಲೋ?”

ಕೂರದೆ, ನಿಂತೇ ಎಲ್ಲ ಹೇಳಿದೆ. ಅವರು ಎದ್ದು ಒಳಗಿನಿಂದ ಒಂದು ದಪ್ಪ ನೋಟ್‌ಬುಕ್ ತಂದರು. ಪತ್ರಿಕೆಗಳಲ್ಲಿ ಬಂದ ಆಟಗಳನ್ನೆಲ್ಲ ಹದಿನೆಂಟು ವರ್ಷದಿಂದ ನಕಲು ಮಾಡಿಟ್ಟಿದ್ದರು.

“ನಾನೂ ಇದನ್ನ ನೋಡೇ ಆಡೋದು. ಇದೂ ಬೇರೆಯವ್ರ ತಲೇನೇ ಅಲ್ವಾ? ನಿಮ್ದು ಬೇಗ ಹುಡುಕತ್ತೆ, ನಂದು ನಿಧಾನ.”

“ಹಾಗಾದ್ರೆ ತಪ್ಪಿಲ್ಲ ಅಂತೀರಾ?” ನನ್ನ ದನಿಯಲ್ಲಿದ್ದ ಆಸೆ ನನಗೇ ಕೇಳಿಸಿತು.

“ನೋಡಿದ್ದು ತಪ್ಪೋ ಅಲ್ವೋ, ನಂಗೊತ್ತಿಲ್ಲ. ಆದ್ರೆ ನಾನು ಹೊಗಳಿ ಬರೆದ್ನಲ, ಅದಕ್ಕೆ ಮೂರು ದಿನ ಕೂತೆ ಅಂದ್ರಿ. ಅದ್ಯಾಕೆ ಬೇಕಿತ್ತು ಮೇಷ್ಟ್ರೇ?”

ಆಟ ಬಿಟ್ಟುಕೊಡುತ್ತೇನೆ ಎಂದೆ. ಅವರ ಮುಖ ಮೊದಲ ಸಲ ಗಡುಸಾಯಿತು.

“ಹನ್ನೊಂದನೇ ದಿನ ನಾನೇ ಒತ್ತಿದ್ದು. ನೀವು ಬಿಟ್ಟುಕೊಟ್ರೆ ಅದು ಹತ್ತಾಗತ್ತಾ? ಬೇಡ. ಇನ್ನೊಂದು ಆಟ ಆಡಣ, ಪಂದ್ಯದ ಹೊರಗೆ. ಯಂತ್ರ ನೋಡಿ, ಬೇಡ ಅನ್ನಲ್ಲ. ಏನು ನೋಡಿದ್ರಿ ಅಂತ ಕಾರ್ಡಲ್ಲಿ ಬರೀರಿ. ನಾನೂ ಬರೀತೀನಿ.”

ಪಂದ್ಯ ನಡೆಸುವವರಿಗೂ ಎಲ್ಲ ಬರೆದು ತಿಳಿಸಿದೆ. ‘ಕಂಪ್ಯೂಟರಿನ ಬಗ್ಗೆ ನಿಯಮದಲ್ಲಿ ಏನೂ ಇಲ್ಲ. ಆಟ ನಿಮ್ಮದೇ’ ಎಂದು ಎರಡು ಸಾಲಿನ ಉತ್ತರ ಬಂತು. ಮುಂದಿನ ಸುತ್ತಿಗೆ ಹೋಗಿ ಸೋತೆ. ಅದು ಹೇಳುವಂಥದ್ದಲ್ಲ.

ಹೊಸ ಆಟ ಶುರುವಾಯಿತು. ನಾನು ‘ಯಂತ್ರದಲ್ಲಿ ಇಂಥ ಆಟ ನಲವತ್ತು ಇವೆ’ ಎಂದು ಬರೆದರೆ, ಅವರು ‘ನನ್ನಲ್ಲಿ ಮೂರು’ ಎನ್ನುತ್ತಿದ್ದರು. ಆಟ ಮುಂದುವರಿದಂತೆ ನಲವತ್ತು ಹೋಗಿ ಒಂಬತ್ತಾಯಿತು, ಒಂಬತ್ತು ಎರಡಾಯಿತು. ಹದಿನಾಲ್ಕನೇ ನಡೆಯಲ್ಲಿ ಅವರು ಮೂಲೆಯ ಆನೆಯನ್ನು ಪಕ್ಕದ ಬಿ ಸಾಲಿಗೆ ಒಂದೇ ಮನೆ ಸರಿಸಿದರು. ಅಲ್ಲಿ ಅದಕ್ಕೇನು ಕೆಲಸವೆಂದು ತಿಳಿಯಲಿಲ್ಲ. ಗುಂಡಿ ಒತ್ತಿದೆ. ಯಾವ ಆಟವೂ ಬರಲಿಲ್ಲ. ಮತ್ತೆ ಒತ್ತಿದೆ. ಖಾಲಿ.

ಆಗ ನಿಜಕ್ಕೂ ಹಲಗೆಯ ಮುಂದೆ ಕೂತೆ, ಆರು ದಿನ. ಎಡಗಡೆ ಏನೋ ಭಾರಿ ಸಂಚು ನಡೆದಿದೆ ಎಂದು ನನ್ನ ಕಾಯಿಗಳನ್ನೆಲ್ಲ ಆ ಕಡೆಗೆ ಸಾಗಿಸಿದೆ. ಬಲಗಡೆ ಬರಿದಾಯಿತು. ಅವರು ಅಲ್ಲಿಂದ ಬಂದು ನನ್ನ ರಾಜನನ್ನು ಹಿಡಿದರು. ‘ಆ ಹದಿನಾಲ್ಕನೇ ನಡೆ ಯಾವ ಯಂತ್ರಕ್ಕೂ ಹೊಳೆಯದು’ ಎಂದು ಮನಸಾರೆ ಬರೆದೆ. ‘ಧನ್ಯವಾದ’ ಎಂದು ಉತ್ತರ ಬಂತು. ಆಮೇಲೆ ಇಪ್ಪತ್ತೈದು ವರ್ಷ ಆ ನಡೆಯನ್ನು ಕಂಡಕಂಡವರಿಗೆಲ್ಲ ವರ್ಣಿಸಿದ್ದೇನೆ.

ಇಷ್ಟನ್ನು ಬರೆದು, ಅಚ್ಚಿಗೆ ಕೊಡುವ ಮೊದಲು ಅವರನ್ನು ಕೇಳಬೇಕೆನಿಸಿತು. ಗಿರಿಜಮ್ಮ ಈಗ ಸೊರಬದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ನಿನ್ನೆ ಬೆಳಿಗ್ಗೆ ಫೋನು ಮಾಡಿ ಪೂರ್ತಿ ಓದಿ ಹೇಳಿದೆ.

“ಒಂದು ತಪ್ಪಿದೆ ಮೇಷ್ಟ್ರೇ.”

“ಯಾವುದಮ್ಮಾ?”

“ಆ ಆನೆ. ಅದನ್ನ ಡಿ ಸಾಲಿಗೆ ತರಬೇಕಿತ್ತು ನಾನು. ಜನ ನಿಂತಿದ್ರು, ಗಡಿಬಿಡೀಲಿ ಬಿ ಅಂತ ಬರೆದ್‌ಬಿಟ್ಟೆ. ಟಪಾಲು ಚೀಲ ಹೋದ್ಮೇಲೆ ಗೊತ್ತಾಯ್ತು. ನೀವು ನೋಡಿದ್ರೆ ಅಷ್ಟು ಹೊಗಳಿ ಬರೆದ್ರಿ.”

ನಾನು ಏನಾದರೂ ಅನ್ನುವ ಮೊದಲೇ ಅವರೇ ಮುಂದುವರಿಸಿದರು.

“‘ಅದ್ಯಾಕೆ ಬೇಕಿತ್ತು’ ಅಂತ ನಿಮಗೆ ಅಷ್ಟು ದೊಡ್ಡ ಮಾತು ಹೇಳಿದ್ದೆ ನೋಡಿ, ಹಂಗಾಗಿ ಹೇಳಕ್ಕೆ ಬಾಯೇ ಬರಲಿಲ್ಲ. ಇಷ್ಟು ವರ್ಷ ಒಂಥರಾ ಚುಚ್ಚತಿತ್ತು.”

ನಗು ಬಂತು. ನಗಬಹುದೋ ಇಲ್ಲವೋ ಎಂದು ತಡೆದುಕೊಂಡೆ. ಅಷ್ಟರಲ್ಲಿ ಅವರೇ ನಕ್ಕರು.

“ಹಾಗಾದ್ರೆ ಅದನ್ನ ತೆಗೆದುಬಿಡ್ಲಾ ಅಮ್ಮಾ?”

“ಬೇಡ, ಇರಲಿ. ಇದನ್ನೂ ಸೇರಿಸಿ ಬರೀರಿ.”

ಬರೆದಿದ್ದೇನೆ.