ಇಂಜಿನ್ನಿನೊಳಗೆ ಬಿದ್ದ ಅಡಿಕೆ

ಗುರುನಾಥ, ಇಂಜಿನ್ನಿನೊಳಗೆ ಸಿಕ್ಕ ಆ ಅಡಿಕೆ ನಿನ್ನದಲ್ಲ. ನನ್ನ ಕೈಯಿಂದ ಬಿದ್ದದ್ದು.

ಉಪ್ಪಲ್ ಬಡಾವಣೆಯ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡು ನಿನಗೆ ನೆನಪಿರಬೇಕು. ನಮ್ಮ ಮನೆಯವರೂ ನೀನೂ, ಅಣ್ಣತಮ್ಮ ಕೂಡಿ, ಕಬ್ಬಿಣದ ಪೈಪು ಬೆಸೆದು ಕಟ್ಟಿದ ಕಾರು — ಬಣ್ಣವಿಲ್ಲ, ಬಾಗಿಲಿಲ್ಲ. ಅವತ್ತು ಅದಕ್ಕೆ ಇಂಜಿನ್ ಕೂಡಿಸುವುದಿತ್ತು. ಹಳೇ ಇಂಜಿನ್ನನ್ನು ಉಜ್ಜಿ ತೊಳೆದು, ಗಾಳಿ ಹೋಗುವ ಬಾಯಿಗಳಲ್ಲಿ ಧೂಳು ಇಳಿಯದಂತೆ ನೀನೇ ಚಿಂದಿ ತುರುಕಿದ್ದೆ. ಪೂಜೆಯಷ್ಟೇ ನನ್ನ ಪಾಲಿನದು.

"ವೈನಿ, ಇಂಜಿನ್ನಿಗೂ ಉಡಿ ತುಂಬ್ತೀರೇನ್ರಿ?" ಎಂದು ನೀನು ನಕ್ಕು, ಅಣ್ಣನ ಜೊತೆ ಸರಪಳಿ ತರಲು ಹೋದೆ. ನಿನ್ನ ಬಾಯಲ್ಲಿ ಎಂದಿನಂತೆ ಅಡಿಕೆ.

ಎಣ್ಣೆ ಚಿಂದಿಯ ಮುಂದೆ ಕೈಮುಗಿಯಲು ನನಗೆ ಮನಸ್ಸಾಗಲಿಲ್ಲ. ಒಂದನ್ನು ಕಿತ್ತೆ. ಗುಂಡನೆಯ ಬಾಯಿ, ಥೇಟ್ ಕಲಶದ್ದೇ — ಅದರ ಮೇಲೆ ವೀಳ್ಯದೆಲೆ ಇಟ್ಟು, ಎಲೆಯ ಮೇಲೆ ಇಡೀ ಅಡಿಕೆ ಇಟ್ಟೆ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಎಲೆ ಜಾರಿತ್ತು. ಒಳಗೆ ಟಕ್ ಎಂದಿತು. ಬೆರಳು ಹಾಕಿದೆ, ಸಿಗಲಿಲ್ಲ. ಅಷ್ಟರಲ್ಲಿ ನಿಮ್ಮ ಹೆಜ್ಜೆ ಸದ್ದು... ಚಿಂದಿಯನ್ನು ಮೊದಲಿನ ಹಾಗೇ ತುರುಕಿಬಿಟ್ಟೆ.

ಆಗಲೇ ಹೇಳಬೇಕಿತ್ತು. ಮುಹೂರ್ತ ಕೆಡಿಸಿದಳು ಅನ್ನುತ್ತಾರೆಂಬ ಹೆದರಿಕೆ. ಆ ಭಾರ ಸರಪಳಿಯಲ್ಲಿ ತೂಗುತ್ತ ಇಳಿಯುವಾಗ ನೀವಿಬ್ಬರೂ ಎರಡು ಕಡೆ ಹಿಡಿದಿದ್ದಿರಿ; ನಾನು ಕಂಬ ಹಿಡಿದು ನಿಂತಿದ್ದೆ. ಒಂದು ಅಡಿಕೆ ತಾನೆ, ಪುಡಿಯಾಗಿ ಹೋದೀತು ಎಂದು —

ಚಾಲೂ ಮಾಡಿದಾಗ ಕಟಕಟ ಸದ್ದು, ಆಮೇಲೆ ಏನೂ ಇಲ್ಲ. ಬಿಚ್ಚಿದರೆ ವಾಲ್ವು ಬಾಗಿತ್ತು, ಪಕ್ಕದಲ್ಲಿ ಅಡಿಕೆಯ ಚೂರು.

"ಒಂದ್ ದಿನ ಬಾಯಿ ಖಾಲಿ ಇಟ್ಟಿದ್ರ ಸಾಯ್ತಿದ್ದೇನು?" ಅಂದರು ನಿನ್ನಣ್ಣ. "ಇನ್ನ ಈ ಗಾಡಿ ಮುಟ್ಟಬ್ಯಾಡ ನೀ."

ನೀನು ಅಂಗಿಯ ಕಿಸೆ ತಡವಿ ನೋಡಿಕೊಂಡೆ. ನಿನ್ನ ಮೇಲೆ ನಿನಗೇ ಅನುಮಾನ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಕಂಡೂ ತಟ್ಟೆಯಲ್ಲಿದ್ದ ಕಾಯಿಚೂರು ಎತ್ತಿಕೊಂಡು ಒಳಗೆ ನಡೆದೆ. ಆಮೇಲೆ ಊರಿನ ಇನ್ನೊಂದು ತುದಿಯ ಶಂಶಾಬಾದಿನಲ್ಲಿ ಮನೆ ಮಾಡಿದ ನೀನು ಮತ್ತೆ ಈ ಕಡೆ ಬರಲಿಲ್ಲ. ಅಡಿಕೆಯನ್ನೂ ಬಿಟ್ಟೆಯಂತೆ.

ಇಷ್ಟು ವರ್ಷಗಳ ಮೇಲೆ, ಇವತ್ತು ಅದೇ ಕಾರಿಗೆ ಇನ್ನೊಂದು ಇಂಜಿನ್ ಬಂದಿದೆ. ನಿನ್ನಣ್ಣನ ಕೈಯಲ್ಲಿ ಈಗ ಮೊದಲಿನ ಬಲವಿಲ್ಲ. ಆದರೂ ಒಬ್ಬರೇ ಇಳಿಸುತ್ತಾರಂತೆ. "ಆ ಕಡೆ ಹಿಡಿಯಾಕ ಗುರ್ಯಾ ಇರಬೇಕಿತ್ತು" ಅಂದರು. ಆಮೇಲೆ ನನಗೆ, "ಈ ಸಲ ಪೂಜಾ ಛಲೋತ್ನಾಗಿ ಮಾಡು."

ಸರಪಳಿ ಕಟ್ಟುವ ಸದ್ದು ಅಡುಗೆಮನೆಗೆ ಕೇಳುತ್ತಿದೆ. ನೀನು ಹಿಡಿಯಬೇಕಾದ ಕಡೆ ಯಾರೂ ಇಲ್ಲ. ಇಂಜಿನ್ ಅವರ ಮೇಲೆ ಜಾರಿದರೆ...

ಒಂದು ಅಡಿಕೆ ಮಾತ್ರ ತೆಗೆದುಕೊಂಡಿದ್ದೇನೆ. ಇಂಜಿನ್ ಮೇಲೇಳುವ ಮೊದಲು ಅದನ್ನು ಅವರ ಅಂಗೈಯಲ್ಲಿಟ್ಟು ನಡೆದದ್ದು ಹೇಳುತ್ತೇನೆ. ನಿನ್ನನ್ನು ಕರೆಯುವುದು ಅವರಿಗೆ ಬಿಟ್ಟದ್ದು, ಬರುವುದು ನಿನಗೆ ಬಿಟ್ಟದ್ದು. ಬಾ ಎನ್ನುವ ಬಾಯಿ ನನಗಿಲ್ಲ.